ಯುಕೆಜಿಯ ಜಾಣೆ

ಹೆತ್ತವರಿಗೆ ಹೆಗ್ಗಣವೂ ಮುದ್ದು ಎಂದು ಜನ ನಗಬಹುದು. ಆದರೆ ಆ ಹುಡುಗ ನಾಲ್ಕು ತುಂಬುವ ಮೊದಲೇ ಪೇಪರು ಓದುತ್ತಿದ್ದದ್ದು ನಿಜ. ಇಂಥವನನ್ನು ಯಾರ ಕೈಗೆ ಒಪ್ಪಿಸುವುದೆಂದು ಊರಿನ ಶಾಲೆಗಳನ್ನೆಲ್ಲ ಸುತ್ತಿ ಸಾಕಾಗಿ, ಅವನ ತಾಯಿ ಕೊನೆಗೆ ಅವನನ್ನು ಕರೆದುಕೊಂಡು ಈ ಶಾಲೆಗೆ ಬಂದು ಕುಳಿತಿದ್ದಳು.

"ಚಿಂತೆ ಬಿಡಿ. ಜಾಣ ಮಕ್ಕಳನ್ನ ಗುರುತಿಸಿ ಬೆಳೆಸೋದ್ರಲ್ಲಿ ನಮ್ಮನ್ನ ಬಿಟ್ಟರಿಲ್ಲ" ಎಂದ ಹೆಡ್ ಮೇಡಂ ಆಯಾಗೆ ಸನ್ನೆ ಮಾಡಿದರು. ಆಯಾ ಒಬ್ಬ ಹುಡುಗಿಯನ್ನು ಕರೆತಂದಳು. "ನಮ್ಮ ಯುಕೆಜಿ ಮಗು. ನೀವೇ ಏನಾದ್ರೂ ಕೇಳಿ ನೋಡಿ."

"ಹದಿನೇಳೊಂಬತ್ಲಿ ಎಷ್ಟು ಪುಟ್ಟಿ?"

"ನೂರೈವತ್ಮೂರು ಆಂಟಿ."

ತಾಯಿ ದಂಗಾದಳು. ಪೇಪರು ಕೊಟ್ಟರೆ ಅದನ್ನೂ ಹುಡುಗಿ ನೀರು ಕುಡಿದಷ್ಟು ಸಲೀಸಾಗಿ ಓದಿದಳು. ಯೂನಿಫಾರ್ಮಿನ ಲಂಗ ಮಾತ್ರ ಮೊಣಕಾಲಿಗಿಂತ ಗೇಣು ಮೇಲಿತ್ತು. ಪಾಪ, ಬಡವರ ಮಗುವಿರಬೇಕು ಅಂದುಕೊಂಡಳು ತಾಯಿ.

"ಇವಳ ಹತ್ರ ನಾವು ಫೀಸೇ ತಗೊಳ್ಳಲ್ಲ. ಗೇಟಿನ ಬ್ಯಾನರಲ್ಲಿರೋದು ಇವಳದೇ ಫೋಟೋ" ಎಂದರು ಹೆಡ್ ಮೇಡಂ. ಆಮೇಲೆ ಹುಡುಗನ ಗಲ್ಲ ಹಿಡಿದೆತ್ತಿ ನೋಡಿದರು. "ಇನ್ಮುಂದೆ ಇವನದ್ದು ಹಾಕಿದರಾಯ್ತು."

ತಾಯಿ ಪರ್ಸು ತೆರೆದಳು. ಅಲ್ಲೇ ಅಡ್ಮಿಷನ್ ಮುಗಿಸಿ ಮೇಲೆದ್ದವಳು, ಹೊರಡುವ ಮುನ್ನ ಹುಡುಗಿಯ ತಲೆ ನೇವರಿಸಿದಳು.

"ನಿಂಗೆಷ್ಟು ವರ್ಷ ಕಂದಾ?"

ಹುಡುಗಿ ಒಮ್ಮೆ ಮೇಡಂ ಮುಖ ನೋಡಿದಳು.

"ಐದು ಆಂಟಿ. ಮೂರು ವರ್ಷದಿಂದ ಐದೇ."