ಯಾರ ನಂಬರಿಗೆ ಕಳಿಸಲಿ?

"ಹೊಸ ಕಾಯ್ದೆ ಬಂದೈತ್ರಿ, ನಿಮ್ಮ ಸುದ್ದಿ ನಿಮ್ಮನ್ನ ಕೇಳದ ಯಾರಿಗೂ ಹೇಳಂಗಿಲ್ಲಂತ. ಬಸಿರಿನ ರಿಪೋರ್ಟ್ ಯಾರ ನಂಬರಿಗೆ ಕಳಿಸಲಿ ಅಂತ ನಿಮ್ಮನ್ನ ಕೇಳಬೇಕು," ಎಂದಳು ಯಲಬುರ್ಗಾದ ಲ್ಯಾಬಿನ ಶಾಂಭವಿ, ದೀಪಿಕಾಳ ಕಡೆ ತಿರುಗಿ. ಅತ್ತೆ ಗಾಳೆಮ್ಮ ಆಗಲೇ ತನ್ನ ಮೊಬೈಲ್ ಕೌಂಟರಿನ ಮೇಲಿಟ್ಟಿದ್ದಳು. ಮನೆಮಂದಿಯ ರಿಪೋರ್ಟೆಲ್ಲ ಬರುತ್ತಿದ್ದುದು ಅದೇ ನಂಬರಿಗೆ. ಹೋದ ಸಲ 'ಇಲ್ಲ' ಎಂಬ ಸುದ್ದಿ ದೀಪಿಕಾಳಿಗಿಂತ ಮೊದಲು ಓಣಿಗೆ ಗೊತ್ತಾಗಿತ್ತು.

"ನನ್ನ ನಂಬರಿಗೇ ಕಳಿಸ್ರಿ," ಎಂದಳು ದೀಪಿಕಾ, ತಲೆ ಎತ್ತದೆ.

ಗಾಳೆಮ್ಮ ಮೊಬೈಲನ್ನು ಎಲೆಯಡಿಕೆ ಚೀಲಕ್ಕೆ ತುರುಕಿ, ಹೊರಗಿನ ಬೆಂಚಿಗೆ ಹೋಗಿ ಕೂತಳು. ತಪ್ಪು ಮಾಡಿದೆನೇನೋ ಎಂದು ದೀಪಿಕಾ ಬಾಗಿಲ ಕಡೆ ನೋಡಿದಳು. ಅಷ್ಟರಲ್ಲಿ ಕೈಯಲ್ಲಿದ್ದ ಮೊಬೈಲ್ ಗುಂಯ್ ಎಂದಿತು. ಓದಿದವಳೇ ಹೊರಗೆ ಓಡಿದಳು.

"ಅತ್ತಿ, ಈ ಸಲ ಬಸಿರು ನಿಂತೈತ್ರಿ!"

ಗಾಳೆಮ್ಮ ದಡಕ್ಕನೆ ಎದ್ದು ಸೊಸೆಯ ಬಾಯಿಗೆ ಸೆರಗು ಒತ್ತಿದಳು.

"ಮೆಲ್ಲಕ ಹೇಳಬೇ! ಕಾಯ್ದೆ ಐತಿ ಅಂದ್ರಲ್ಲ?"