ಟೊಂಕನೋವಿನ ಔಷಧ

ಟಿಣ್ ಎಂದು ಚಮಚ ಹಿತ್ತಾಳೆ ವಾಟಿಗೆ ತಾಗಿದ ಸದ್ದು. ರಾತ್ರಿ ಹನ್ನೊಂದು ದಾಟಿತ್ತು. ಮನೀಷಾ ದಡಕ್ಕನೆ ಎದ್ದು ಕುಳಿತಳು. ಹತ್ತು ವರ್ಷದ ಹಿಂದೆ, ಮಗಳು ಸಾನಿಕಾ ಹೊಟ್ಟೆಯಲ್ಲಿದ್ದಾಗ, ದಿನಾ ರಾತ್ರಿ ಕೇಳಿದ್ದ ಸದ್ದು ಅದು.

ಅಡುಗೆಮನೆಯಲ್ಲಿ ಅತ್ತೆ ಗೌರಾಬಾಯಿ ಬಿಸಿ ಬ್ರಾಂಡಿಗೆ ಬೆಲ್ಲ, ಮೆಣಸಿನ ಪುಡಿ ಹಾಕಿ ಕಲಕುತ್ತಿದ್ದಳು. ಎದುರಿಗೆ ಗೋಡೆಗೆ ಒರಗಿ ಕುಳಿತವಳು ಮೈದುನನ ಹೆಂಡತಿ, ನೆಗೆಣ್ಣಿ ಸುಗಂಧಾ, ಐದು ತಿಂಗಳ ಬಸುರಿ.

"ನೀನೂ ಎದ್ದಿ? ಇಕೀ ಟೊಂಕ ಹಿಡದೈತಂತ. ನಿನಗ ಕೊಡತಿದ್ನಲ್ಲ, ಅದ ಔಷಧ."

"ಅತ್ತೀ, ಇವತ್ತ ಚಿಕ್ಕೋಡಿಯಾಗ ಸಾನಿಕಾನ್ನ ನೋಡಿ ಡಾಕ್ಟರ್ ಏನ ಕೇಳಿದ್ರು..."

"ಬಸರಿದ್ದಾಗ ತಾಯಿ ಕುಡೀತಿದ್ಲೇನಂತ! ನಾಚಿಕಿ ಬ್ಯಾಡ ಅವರಿಗೆ? ನಮ್ಮ ಮನ್ಯಾಗ ಹೆಣಮಕ್ಕಳು ಕುಡಿಯೂದಿಲ್ರಿ ಅಂತ ಮಾರಿ ಮ್ಯಾಲ ಹೇಳಿ ಬಂದೇನಿ."

ಮನೀಷಾ ಆಗಲೂ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದ್ದಳು. "ಬಸುರಿ ಕುಡಿದದ್ದು ಕೂಸಿನ ಮಿದುಳಿಗೆ ಮುಟ್ಟತೈತ್ರಿ. ಖರೇ ಹೇಳಿದ್ರ ಬೆಳಗಾವಿ ದೊಡ್ಡ ದವಾಖಾನಿಗೆ ಪತ್ರ ಕೊಡತೇನಿ, ಅಲ್ಲೆ ಸರ್ಟಿಫಿಕೇಟ್ ಸಿಗತೈತಿ" ಎಂದು ಡಾಕ್ಟರು ಇನ್ನೊಮ್ಮೆ ಕೇಳಿ, ಕಾಯ್ದು, ಕೊನೆಗೆ 'ಕಾರಣ ತಿಳಿದಿಲ್ಲ' ಎಂದು ಬರೆದು ಕಾಗದ ಮರಳಿಸಿದರು. ಹುಡುಗಿಗೆ ಬುದ್ಧಿಯ ತೊಂದರೆ ಇದೆಯೆಂದು ತೋರಿಸಲು ಶಾಲೆಯವರು ಕೇಳಿದ ಸರ್ಟಿಫಿಕೇಟು ಈ ಸಲವೂ ಸಿಗಲಿಲ್ಲ. ಕಲಿತದ್ದನ್ನು ಬೆಳಗಾಗುವುದರೊಳಗೆ ಮರೆಯುವ ಸಾನಿಕಾಳಿಗೆ ಅಲ್ಲಿ ಮೈಗಳ್ಳಿ ಎಂದೇ ಹೆಸರು.

ಸುಗಂಧಾ ವಾಟಿಗೆ ಕೈ ಚಾಚಿದಳು. ಮನೀಷಾ ತಂಬಿಗೆ ತೆಗೆಯುವವಳಂತೆ ಬಾಗಿದಳು. ಮೊಣಕೈ ತಾಗಿ ವಾಟಿ ಉರುಳಿತು.

"ಕಣ್ಣ ಕಾಣ್ಸೂದಿಲ್ಲೇನ ಬೇ? ಇರ್ಲಿ ಬಿಡು, ಬಾಟ್ಲಿ ತುಂಬ ಐತಿ. ಸುಗಂಧಾ, ಇವತ್ತ ಮಲಗು, ನಾಳೆ ಮಾಡಿ ಕೊಡ್ತೇನಿ."

ಮನೀಷಾ ನೆಲ ಒರೆಸಿದಳು. ಹೇಳಿಬಿಡಬೇಕು. ಹೇಳಿದರೆ, ಸಾನಿಕಾ ಹೀಗಾದದ್ದು ಯಾರಿಂದ ಎಂಬ ಮಾತು ಏಳುತ್ತದೆ. ಕೊಟ್ಟದ್ದು ಅಕ್ಕರೆಯ ಕೈ. ಕುಡಿದ ಬಾಯಿ ತನ್ನದೇ. ಬೇಡಕಿಹಾಳ ಊರ ತುಂಬ ಕುಡುಕಿ ಅನ್ನಿಸಿಕೊಳ್ಳುವವಳೂ ತಾನೇ. ಬೇಡ, ಯಾರಿಗೂ ಹೇಳುವುದಿಲ್ಲ.

ತಿರುಗಿದರೆ ಬಾಗಿಲ ಸಂದಿಯಲ್ಲಿ ಸಾನಿಕಾ ನಿಂತಿದ್ದಳು. ಕೋಣೆಗೆ ಬಂದಮೇಲೆ ಪಿಸುಗುಟ್ಟಿದಳು: "ಅವ್ವಾ, ನೀ ಬೇಕಂತನ ಕೆಡವಿದಿ. ನಾ ನೋಡೇನಿ."

"ಯಾರ ಮುಂದೂ ಹೇಳಬ್ಯಾಡ, ನನ್ನವ್ವಾ."

ಸಾನಿಕಾ ತಾಯಿಯ ಗದ್ದ ಹಿಡಿದು ಸಮಾಧಾನ ಹೇಳಿದಳು: "ಅಂಜಬ್ಯಾಡ. ಮುಂಜಾನಿಕ ನಾ ಮರತಿರತೇನಿ."