ಎರಡನೇ ಸಹಿ

ಮಹಡಿಯಿಂದ ಬಿದ್ದು ಗಂಡ ಸತ್ತ ಮೇಲೆ ಅವಳು ಊರು ಬಿಟ್ಟು ಈ ಬಾಡಿಗೆ ಮನೆಗೆ ಬಂದು ಆರು ತಿಂಗಳಾಗಿತ್ತು. ಪಾಸ್‌ಪೋರ್ಟ್ ಒಂದು ಕೈಸೇರಿದರೆ ದೇಶವನ್ನೇ ಬಿಡಬಹುದಿತ್ತು. ಅದರ ವಿಚಾರಣೆಗೆ ಬಂದ ಪೇದೆ ಅವಳನ್ನು ಬಲ್ಲ ಇಬ್ಬರ ಸಹಿ ಕೇಳಿದ. ಮನೆಯೊಡತಿ ಒಂದು ಹಾಕಿದರು. ಇನ್ನೊಂದಕ್ಕೆ, ಹೋದ ವಾರವಷ್ಟೇ ಎದುರು ಮನೆಗೆ ಬಂದ ಮುದುಕರೊಬ್ಬರು ಕರೆಯದೆಯೇ ಮೆಟ್ಟಿಲು ಹತ್ತಿ ಬಂದರು.

"ಎಷ್ಟು ದಿನದಿಂದ ಪರಿಚಯ, ಯಜಮಾನ್ರೇ?"

"ಮೂರು ವರ್ಷ ಆಯ್ತಪ್ಪ. ಒಳ್ಳೆ ಹೆಣ್ಣುಮಗಳು, ಬರ್ಕೋ."

ಪೇದೆ ಹೋದ ಮೇಲೆ ಅವಳಿಗೆ ಜೀವ ಬಂದಂತಾಯಿತು.

"ನನಗೋಸ್ಕರ ಸುಳ್ಳು ಹೇಳಿದ್ರಿ," ಎಂದು ಕೈಮುಗಿದಳು.

"ಸುಳ್ಳು ಯಾಕಮ್ಮ? ಆ ಊರಲ್ಲಿ ನಿಮ್ಮ ಹಿಂದಿನ ಬೀದೀಲೇ ನಮ್ಮನೆ. ಅವತ್ತು ಸಂಜೆ ತಾರಸಿ ಮೇಲಿದ್ದೆ. ನಿನ್ನ ಗಂಡನ ಬೆನ್ನ ಮೇಲಿದ್ದ ಆ ಎರಡು ಕೈ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ."